ಬೀಳದೆ ಹೋದ ಒಂದು ಓಟು



ನಮ್ಮ ರಾಜ್ಯದ ವಿಧಾನಸಭೆಗೆ ಚುನಾವಣೆ ಬಂದಾಗಲೆಲ್ಲಾ ಹಳ್ಳಿಯ ಜಗಲಿಗಳ ಮೇಲೆ ಒಂದು ಮಾತು ಕೇಳಿಬರುವದುಂಟು. "ನನ್ನ ಒಬ್ಬನ ಓಟಿನಿಂದ ಏನಾದೀತು? ನಾನು ಹೋದರೂ ಗೆಲ್ಲುವವನು ಗೆಲ್ಲುವನು, ಹೋಗದಿದ್ದರೂ ಗೆಲ್ಲುವನು" ಎಂದು ಹೇಳುವವರು ಸೋಮಾರಿಗಳು ಮಾತ್ರವೇ ಅಲ್ಲ; ಲೆಕ್ಕ ಬಲ್ಲವರೂ ಮಕ್ಕಳಿಗೆ ಪಾಠ ಹೇಳುವವರೂ ಹಾಗೆ ಹೇಳುವದನ್ನು ನಾನು ಕೇಳಿದ್ದೇನೆ. ಇಂಥವರ ಬಾಯಿ ಮುಚ್ಚಿಸುವದಕ್ಕೆ ನಾವು ಸಾಧಾರಣವಾಗಿ ಒಂದೇ ಓಟಿನಿಂದ ಸೋತವರ ಕಥೆಯನ್ನು ಹೇಳುತ್ತೇವೆ. ನಾನೂ ಎಷ್ಟೋ ಸಾರಿ ಹೇಳಿದ್ದೇನೆ. ಆದರೆ ಆ ಕಥೆಯನ್ನು ನಿಧಾನವಾಗಿ ವಿಚಾರಿಸಿ ನೋಡಿದಾಗ, ಅದು ನಾವು ನೆನಸುವ ಪಾಠವನ್ನು ಕಲಿಸುವದಿಲ್ಲವೆಂದೂ, ಅದಕ್ಕಿಂತ ಕಠಿಣವಾದ ಬೇರೊಂದು ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆಂದೂ ನನಗೆ ತೋಚಿತು.

ಮೊದಲು ಕಥೆಯನ್ನೇ ಹೇಳುವೆನು. ೨೦೦೪ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಕರ್ನಾಟಕದ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ಚಾಮರಾಜನಗರ ಜಿಲ್ಲೆಯಲ್ಲಿ ಆಗ ಸಂತೇಮರಹಳ್ಳಿ ಎಂಬ ಕ್ಷೇತ್ರವೊಂದಿತ್ತು. ಅದು ಪರಿಶಿಷ್ಟ ಜಾತಿಯವರಿಗೆ ಮೀಸಲಾದ ಕ್ಷೇತ್ರವು. ೨೦೦೮ರ ಚುನಾವಣೆಯ ಹೊತ್ತಿಗೆ ಕ್ಷೇತ್ರಗಳ ಎಲ್ಲೆಗಳನ್ನು ಹೊಸದಾಗಿ ಗೊತ್ತುಮಾಡಿದಾಗ ಆ ಹೆಸರು ಪಟ್ಟಿಯಿಂದ ಅಳಿದುಹೋಯಿತು. ಅಲ್ಲಿ ಕಾಂಗ್ರೆಸ್ ಪಕ್ಷದಿಂದ ಆರ್. ಧ್ರುವನಾರಾಯಣರೂ, ಜಾತ್ಯತೀತ ಜನತಾದಳದಿಂದ ಎ. ಆರ್. ಕೃಷ್ಣಮೂರ್ತಿಯವರೂ ಉಮೇದುವಾರರಾಗಿ ನಿಂತಿದ್ದರು. ಮೇ ೧೩ರಂದು ಎಣಿಕೆ ಮುಗಿದಾಗ ಧ್ರುವನಾರಾಯಣರಿಗೆ ೪೦,೭೫೨ ಓಟುಗಳೂ ಕೃಷ್ಣಮೂರ್ತಿಯವರಿಗೆ ೪೦,೭೫೧ ಓಟುಗಳೂ ಬಿದ್ದಿದ್ದವು. ಎಂಭತ್ತೊಂದು ಸಾವಿರಕ್ಕೆ ಮೇಲ್ಪಟ್ಟ ಜನರು ಈ ಇಬ್ಬರೊಳಗೆ ಒಬ್ಬನನ್ನು ಆರಿಸಿಕೊಂಡಿದ್ದರು. ಅವರಿಬ್ಬರ ನಡುವೆ ಉಳಿದ ಅಂತರವು ಒಂದೇ ಒಂದು. ಆ ಸಾರಿ ಇಡೀ ರಾಜ್ಯದ ೨೨೪ ಸ್ಥಾನಗಳಲ್ಲಿ ಭಾರತೀಯ ಜನತಾ ಪಕ್ಷಕ್ಕೆ ೭೯, ಕಾಂಗ್ರೆಸ್ಸಿಗೆ ೬೫, ಜನತಾದಳಕ್ಕೆ ೫೮ ಬಂದವು. ಯಾರಿಗೂ ಬಹುಮತ ದೊರೆಯಲಿಲ್ಲ. ಸಂತೇಮರಹಳ್ಳಿಯಲ್ಲಿ ಒಂದು ಓಟಿನ ವರೆಗೆ ಹೋರಾಡಿದ ಆ ಎರಡು ಪಕ್ಷಗಳೇ ಅದೇ ತಿಂಗಳ ೨೮ರಂದು ಕೂಡಿಕೊಂಡು ಎನ್. ಧರ್ಮಸಿಂಗರನ್ನು ಮುಖ್ಯಮಂತ್ರಿಯನ್ನಾಗಿ ಮಾಡಿ ಸರಕಾರ ನಡಿಸುವದಕ್ಕೆ ತೊಡಗಿದವು. ಹಳ್ಳಿಯಲ್ಲಿ ಚುನಾವಣೆಯ ನಿಮಿತ್ತ ಮಾತು ಬಿಟ್ಟ ಅಣ್ಣತಮ್ಮಂದಿರು ಇದನ್ನು ಸ್ವಲ್ಪ ಯೋಚಿಸಬಹುದು.

ಈ ಫಲಿತಾಂಶದ ಸಂಗಡ ಇನ್ನೊಂದು ಸಂಗತಿಯೂ ನಾಡಿನಲ್ಲೆಲ್ಲಾ ಹಬ್ಬಿತು. ಸೋತವರ ಕಾರನ್ನು ನಡಿಸುತ್ತಿದ್ದ ಡ್ರೈವರನು ಆ ದಿನ ಓಟು ಹಾಕಲಿಲ್ಲವೆಂದೂ, ಮತಗಟ್ಟೆಯಿಂದ ಮತಗಟ್ಟೆಗೆ ಓಡಾಡುವ ಅವಸರದಲ್ಲಿ ಅವನಿಗೆ ಬಿಡುವು ದೊರೆಯಲಿಲ್ಲವೆಂದೂ ಹೇಳುತ್ತಾರೆ. ಇಪ್ಪತ್ತು ವರುಷ ಕಳೆದರೂ ಚುನಾವಣೆ ಬಂದಾಗಲೆಲ್ಲಾ ಪತ್ರಿಕೆಗಳು ಈ ಕಥೆಯನ್ನು ತಿರಿಗಿ ಬರೆಯುತ್ತವೆ. ೨೦೦೮ರ ದಶಂಬರದಲ್ಲಿ ರಾಜಸ್ಥಾನದ ನಾಥದ್ವಾರ ಕ್ಷೇತ್ರದಲ್ಲಿ ಇದೇ ರೀತಿಯಾಯಿತು. ಅಲ್ಲಿ ಕಾಂಗ್ರೆಸ್ ಪಕ್ಷದ ರಾಜ್ಯಾಧ್ಯಕ್ಷರೂ, ಮುಖ್ಯಮಂತ್ರಿಯಾಗಬಹುದೆಂದು ಹೆಸರಾದವರೂ ಆಗಿದ್ದ ಸಿ. ಪಿ. ಜೋಶಿಯವರು ೬೨,೨೧೫ ಓಟುಗಳನ್ನು ಪಡೆದು, ೬೨,೨೧೬ ಪಡೆದ ಕಲ್ಯಾಣಸಿಂಗ್ ಚೌಹಾಣರಿಗೆ ಸೋತರು. ಅಲ್ಲಿಯೂ ಸೋತವರ ಮನೆಯವರೇ ಓಟಿಗೆ ಹೋಗಲಿಲ್ಲವೆಂದು ಸುದ್ದಿಯಾಯಿತು. ಅಲ್ಲಿಯೂ ಡ್ರೈವರನೊಬ್ಬನು ಆ ಸುದ್ದಿಯೊಳಗೆ ಬಂದನು. ದೊಡ್ಡವರು ಒಂದು ಓಟಿನಿಂದ ಸೋತಾಗ ಜನರ ಕಣ್ಣು ಮೊದಲು ಹೋಗುವದು ಹೆಂಗಸರ ಮೇಲೆಯೂ ಆಳಿನ ಮೇಲೆಯೂ ಎಂಬದನ್ನು ನಾನು ಇಲ್ಲಿ ಗುರುತುಮಾಡಿ ಮುಂದಕ್ಕೆ ಹೋಗುತ್ತೇನೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಸಂತೇಮರಹಳ್ಳಿಯ ಆ ಡ್ರೈವರನು ಹೋಗಿ ತನ್ನ ಯಜಮಾನರಿಗೇ ಓಟು ಹಾಕಿದ್ದನೆಂದು ಇಟ್ಟುಕೊಳ್ಳಿರಿ. (ಅವರಿಗೇ ಹಾಕುತ್ತಿದ್ದನೆಂದು ನಾವು ಹೇಗೆ ಬಲ್ಲೆವು? ಕಾರು ನಡಿಸುವವನ ಮನಸ್ಸೂ ಕಾರಿನ ಒಡೆಯನದೇ ಎಂದು ತಿಳಿಯುವದು ಒಡೆಯರ ಅಭ್ಯಾಸವು.) ಹಾಗಿದ್ದರೆ ಕೃಷ್ಣಮೂರ್ತಿಯವರಿಗೂ ೪೦,೭೫೨ ಆಗುತ್ತಿತ್ತು. ಗೆಲವು ಆಗುತ್ತಿರಲಿಲ್ಲ, ಸಮವಾಗುತ್ತಿತ್ತು. ಸಮವಾದರೆ ನಮ್ಮ ದೇಶದ ೧೯೫೧ನೆಯ ಜನಪ್ರಾತಿನಿಧ್ಯ ಕಾಯಿದೆಯ ೬೫ನೆಯ ಕಲಮಿನ ಪ್ರಕಾರ ಚುನಾವಣಾಧಿಕಾರಿಯು ಅಲ್ಲಿಯೇ ಚೀಟಿ ಎತ್ತಬೇಕು. ಯಾರ ಹೆಸರು ಬರುವದೋ ಅವನಿಗೆ ಇನ್ನೊಂದು ಓಟು ಹೆಚ್ಚಾಗಿ ಬಿದ್ದಂತೆ ಎಣಿಸಬೇಕು. ಯಾವ ಮನುಷ್ಯನೂ ಹಾಕದ ಓಟೊಂದು ಬಿತ್ತೆಂದು ಕಾಯಿದೆಯೇ ಭಾವಿಸಿಕೊಳ್ಳುವದು ವಿಚಿತ್ರವಾದರೂ ಅದಕ್ಕಿಂತ ಬೇರೆ ದಾರಿಯಿಲ್ಲ. ಆದಕಾರಣ ಡ್ರೈವರನ ಓಟು ಬಿದ್ದಿದ್ದರೆ ಯಜಮಾನರು ಗೆಲ್ಲುತ್ತಿದ್ದರು ಎಂಬ ಮಾತು ಸುಳ್ಳು. ಗೆಲ್ಲುವದಕ್ಕೆ ಅರ್ಧ ಅವಕಾಶ ಸಿಕ್ಕುತ್ತಿತ್ತು, ಅಷ್ಟೇ.

ಹೀಗೆ ಓಟುಗಳು ನಿಜವಾಗಿಯೂ ಸಮವಾಗಿ ಬಿದ್ದರೆ ಏನಾಗುವದೆಂದು ನೋಡುವದಕ್ಕೆ ನಾವು ಸಮುದ್ರದಾಚೆಯ ಒಂದು ನಾಡಿಗೆ ಹೋಗಬೇಕಾಗಿದೆ. ಅಮೇರಿಕಾ ದೇಶದ ಸಂಸ್ಥಾನಗಳಲ್ಲಿ ವರ್ಜೀನಿಯಾ ಎಂಬದು ಹಳೆಯದು. ಅಲ್ಲಿ ಜನರ ಪ್ರತಿನಿಧಿಗಳು ಮೊದಲಾಗಿ ಸಭೆ ಕೂಡಿದ್ದು ೧೬೧೯ರಲ್ಲಿ. ಈಗಿನ ಅದರ ಪ್ರತಿನಿಧಿಗಳ ಸಭೆಯು ನೂರು ಸ್ಥಾನಗಳುಳ್ಳದ್ದು. ೨೦೧೭ರ ನವಂಬರ್ ೭ರಂದು ಅದಕ್ಕೆ ಚುನಾವಣೆ ನಡೆಯಿತು. ಅದುವರೆಗೆ ರಿಪಬ್ಲಿಕನ್ ಪಕ್ಷಕ್ಕೆ ೬೬ ಸ್ಥಾನಗಳಿದ್ದವು. ಆ ದಿನ ಡೆಮೊಕ್ರಾಟಿಕ್ ಪಕ್ಷವು ಬಹಳ ಸ್ಥಾನಗಳನ್ನು ಕಿತ್ತುಕೊಂಡು ಹೆಚ್ಚುಕಡಿಮೆ ಸರಿಸಮಕ್ಕೆ ಬಂದಿತು. ಕೊನೆಗೆ ಎಲ್ಲವೂ ನ್ಯೂಪೋರ್ಟ್ ನ್ಯೂಸ್ ಎಂಬ ಪಟ್ಟಣದಲ್ಲಿರುವ ೯೪ನೆಯ ಕ್ಷೇತ್ರದ ಮೇಲೆ ನಿಂತಿತು. ಅಲ್ಲಿ ಮೊದಲಿಂದ ಸದಸ್ಯನಾಗಿದ್ದ ಡೇವಿಡ್ ಯಾನ್ಸಿ ರಿಪಬ್ಲಿಕನ್ ಪಕ್ಷದಿಂದಲೂ ಶೆಲ್ಲಿ ಸೈಮಂಡ್ಸ್ ಎಂಬ ಸ್ತ್ರೀಯು ಡೆಮೊಕ್ರಾಟಿಕ್ ಪಕ್ಷದಿಂದಲೂ ನಿಂತಿದ್ದರು. ಮೊದಲನೆಯ ಎಣಿಕೆಯಲ್ಲಿ ಯಾನ್ಸಿಗೆ ಹತ್ತು ಓಟು ಹೆಚ್ಚಾಗಿದ್ದವು. ದಶಂಬರ್ ೧೯ರಂದು ಮರಳಿ ಎಣಿಸಿದಾಗ ಸೈಮಂಡ್ಸರಿಗೆ ಒಂದು ಓಟು ಹೆಚ್ಚಾಯಿತು. ಆ ರಾತ್ರಿ ಆಕೆಯೇ ಗೆದ್ದಳೆಂದು ಎಲ್ಲರೂ ತಿಳಿದರು. ಮರುದಿನ ಮೂವರು ನ್ಯಾಯಾಧಿಪತಿಗಳ ಮುಂದೆ, ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದ ಒಂದು ಮತಪತ್ರವು ತರಲ್ಪಟ್ಟಿತು. ಅದರಲ್ಲಿ ಇಬ್ಬರ ಹೆಸರುಗಳ ಮುಂದಿನ ಸುತ್ತುಗಳನ್ನೂ ತುಂಬಿತ್ತು. ಸೈಮಂಡ್ಸರ ಸುತ್ತಿನ ಮೇಲೆ ಮಾತ್ರ ಒಂದು ಗೀರು ಎಳೆದಿತ್ತು. ಬೇರೆ ಹುದ್ದೆಗಳಿಗೆ ಅದೇ ಮನುಷ್ಯನು ರಿಪಬ್ಲಿಕನರಿಗೇ ಓಟು ಹಾಕಿದ್ದರಿಂದ, ಆ ಗೀರು ಹೊಡೆದುಹಾಕುವ ಗೀರೆಂದು ನ್ಯಾಯಾಧಿಪತಿಗಳು ತೀರ್ಮಾನಿಸಿ ಆ ಓಟನ್ನು ಯಾನ್ಸಿಗೆ ಕೊಟ್ಟರು. ಇಬ್ಬರಿಗೂ ೧೧,೬೦೮ ಆಯಿತು.

ಆಮೇಲೆ ೨೦೧೮ರ ಜನವರಿ ೪ರಂದು ರಿಚ್‌ಮಂಡ್ ಎಂಬ ರಾಜಧಾನಿಯಲ್ಲಿ, ಕುಂಬಾರನು ಮಾಡಿದ ನೀಲಿ ಬಿಳಿ ಬಣ್ಣದ ಒಂದು ಬೋಗುಣಿಯನ್ನು ಮೇಜಿನ ಮೇಲೆ ಇಟ್ಟರು. ಇಬ್ಬರ ಹೆಸರುಗಳನ್ನು ಬರೆದ ಚೀಟಿಗಳನ್ನು, ಹಿಂದೆ ಕ್ಯಾಮರಾದ ಫಿಲ್ಮ್ ಸುರುಳಿ ಇಡುತ್ತಿದ್ದ ಸಣ್ಣ ಡಬ್ಬಿಗಳಲ್ಲಿ ಹಾಕಿ, ಬೋಗುಣಿಯಲ್ಲಿಟ್ಟು ಕದಡಿ, ಚುನಾವಣಾ ಮಂಡಲಿಯ ಅಧ್ಯಕ್ಷನು ಒಂದನ್ನು ಎತ್ತಿದನು. ಯಾನ್ಸಿಯ ಹೆಸರು ಬಂದಿತು. ಆ ಚೀಟಿಯಿಂದ ರಿಪಬ್ಲಿಕನರಿಗೆ ೫೧, ಡೆಮೊಕ್ರಾಟರಿಗೆ ೪೯ ಎಂದಾಗಿ, ಸಭೆಯ ಅಧಿಕಾರವು ಒಂದು ಪಕ್ಷದ ಕೈಯಲ್ಲಿ ಉಳಿಯಿತು. ಮತ್ತೊಂದು ಡಬ್ಬಿ ಕೈಗೆ ಬಂದಿದ್ದರೆ ಐವತ್ತು ಐವತ್ತು ಆಗುತ್ತಿತ್ತು.

ಈ ಸಂಗತಿಯನ್ನು ನಮ್ಮ ಸಭೆಯ ಹಿರಿಯರೊಬ್ಬರಿಗೆ ನಾನು ಹೇಳಿದಾಗ ಅವರು ತಡಮಾಡದೆ, "ಅದು ದೇವರ ಚಿತ್ತವೇ ಸರಿ, ಉಪದೇಶಿಗಳೇ, ಮತ್ತೀಯನ ಮೇಲೆ ಚೀಟು ಬೀಳಲಿಲ್ಲವೇ?" ಅಂದರು. ಅವರ ಭಕ್ತಿಯನ್ನು ನಾನು ಹೀನಯಿಸುವದಿಲ್ಲ. ಆದರೂ ಮತ್ತೀಯನ ಸಂಗತಿಯಲ್ಲಿ ಚೀಟು ಹಾಕುವದಕ್ಕೆ ಮುಂಚೆ ಯೋಗ್ಯರು ಯಾರೆಂದು ಕೂಡಿದವರು ವಿಚಾರಿಸಿ ಇಬ್ಬರನ್ನು ಮುಂದೆ ನಿಲ್ಲಿಸಿದ್ದರು, ಪ್ರಾರ್ಥನೆಯನ್ನೂ ಮಾಡಿದ್ದರು. ತಮ್ಮ ಪಾಲಿನ ಕೆಲಸವನ್ನು ಮುಗಿಸಿದ ಮೇಲೆಯೇ ಚೀಟಿಗೆ ಕೈಹಾಕಿದರು. ನ್ಯೂಪೋರ್ಟ್ ನ್ಯೂಸಿನಲ್ಲಿ ಆ ದಿನ ಮನೆಯಲ್ಲಿಯೇ ಕೂತವರು ಸಾವಿರಗಟ್ಟಲೆ. ಅವರೊಳಗೆ ಒಬ್ಬನು ಎದ್ದು ಹೋಗಿದ್ದರೂ ಬೋಗುಣಿ ಬೇಕಾಗುತ್ತಿರಲಿಲ್ಲ. ನಾವು ಮಾಡದೆ ಬಿಟ್ಟದ್ದನ್ನು ದೇವರ ಹೆಸರಿನಲ್ಲಿ ಬರೆದು ಕೈ ತೊಳಕೊಳ್ಳುವದು ಭಕ್ತಿಯೆಂದು ನನಗೆ ತೋರುವದಿಲ್ಲ.

ಚೀಟಿಯಿಂದ ಬಂದ ಅಧಿಕಾರವು ಏನು ಮಾಡಿತು ಎಂದು ಕೇಳುವವರಿಗೆ ಎರಡು ಮಾತು. ಬಡವರ ಔಷಧೋಪಚಾರದ ಖರ್ಚನ್ನು ಸರಕಾರವು ವಹಿಸಿಕೊಳ್ಳುವ ಏರ್ಪಾಡನ್ನು ಇನ್ನೂ ಸುಮಾರು ನಾಲ್ಕು ಲಕ್ಷ ಜನರಿಗೆ ವಿಸ್ತರಿಸುವ ಪ್ರಶ್ನೆಯು ಆ ಸಂಸ್ಥಾನದಲ್ಲಿ ವರುಷಗಟ್ಟಲೆ ತಡೆಯಲ್ಪಟ್ಟಿತ್ತು. ತಡೆದದ್ದು ಯಾರ ಬಹುಮತವೋ ಅದೇ ಪಕ್ಷದ ಕೆಲವರು ೨೦೧೮ರಲ್ಲಿ ಎದುರು ಪಕ್ಷದವರ ಸಂಗಡ ಕೂಡಿ ಅದನ್ನು ಒಪ್ಪಿದರು. ಅರುವತ್ತಾರರಿಂದ ಐವತ್ತೊಂದಕ್ಕೆ ಇಳಿದ ಭಯವು ಅವರಲ್ಲಿ ಕೆಲಸ ಮಾಡಿತೆಂದೇ ನನ್ನ ಅಭಿಪ್ರಾಯವು. ಹಾಗಾದರೆ ಸೋತವರಿಗೆ ಬಿದ್ದ ಓಟುಗಳೂ ಸುಮ್ಮನೆ ಹೋಗಲಿಲ್ಲ. ೨೦೧೯ರ ನವಂಬರದಲ್ಲಿ ಅದೇ ಇಬ್ಬರು ಅದೇ ಕ್ಷೇತ್ರದಲ್ಲಿ ತಿರಿಗಿ ನಿಂತರು. ಆಗ ಸೈಮಂಡ್ಸ್ ಗೆದ್ದಳು, ಬೋಗುಣಿ ಬೇಕಾಗಲಿಲ್ಲ.

ನಮ್ಮ ಸಂತೇಮರಹಳ್ಳಿಗೆ ಹಿಂದಿರುಗೋಣ. ಒಂದು ಓಟಿನ ಅಂತರವು ಯಾರ ಓಟಿನದು? ಗೆದ್ದವರ ಪಕ್ಷದಲ್ಲಿ ೪೦,೭೫೨ ಜನರೂ, ಒಬ್ಬೊಬ್ಬನಾಗಿ ಎದೆ ತಟ್ಟಿಕೊಂಡು "ಅವರನ್ನು ಗೆಲ್ಲಿಸಿದವನು ನಾನೇ" ಎಂದು ಹೇಳಬಹುದು. ಹೇಳಿದವರೆಲ್ಲರೂ ಸತ್ಯವನ್ನೇ ಹೇಳಿದಂತಾಗುವದು, ಯಾಕಂದರೆ ಅವರಲ್ಲಿ ಯಾರು ಹೋಗದಿದ್ದರೂ ಚೀಟಿ ಎತ್ತಬೇಕಾಗುತ್ತಿತ್ತು. ಹಾಗೆಯೇ ಓಟಿಗೆ ಹೋಗದೆ ಉಳಿದ ಪ್ರತಿಯೊಬ್ಬನ ಮೇಲೆಯೂ ಡ್ರೈವರನ ಮೇಲೆ ಹೊರಿಸಿದಷ್ಟೇ ತಪ್ಪನ್ನು ಹೊರಿಸಬಹುದು. ಜ್ವರ ಬಂದು ಮಲಗಿದ್ದವನು, ಮದುವೆಗೆ ಹೋದವನು, ಬಿಸಿಲಿಗೆ ಹೆದರಿದವನು, ಹೆಸರು ಪಟ್ಟಿಯಲ್ಲಿ ತಪ್ಪಾಗಿದ್ದವನು, ಇವರೆಲ್ಲರೂ ಆ ಒಂದು ಓಟಿಗೆ ಸಮಾನ ಬಾಧ್ಯರು. ಹೀಗಿರಲಾಗಿ ಕಾರಿನ ಮುಂದಿನ ಆಸನದಲ್ಲಿ ಕೂತಿದ್ದ ಒಬ್ಬನನ್ನು ಮಾತ್ರ ಹಿಡಿದು ನಿಲ್ಲಿಸುವದು ನ್ಯಾಯವೋ? ಅವನು ಕಣ್ಣಿಗೆ ಹತ್ತಿರವಾಗಿದ್ದನು, ಮತ್ತು ಬಡವನಾಗಿದ್ದನು.

ಮತ್ತೊಂದು ವಿಷಯ. ಅಂತರವು ಒಂದಾಗಿದ್ದರೆ ಎಲ್ಲರೂ ಬಾಧ್ಯರಾಗುವರು. ಅಂತರವು ಒಂದು ಲಕ್ಷವಾದರೆ ಯಾರೂ ಬಾಧ್ಯರಲ್ಲವೋ? ೨೦೨೩ರ ಮೇ ತಿಂಗಳ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ ೧೩೫, ಭಾರತೀಯ ಜನತಾ ಪಕ್ಷಕ್ಕೆ ೬೬, ಜನತಾದಳಕ್ಕೆ ೧೯ ಸ್ಥಾನಗಳು ಬಂದವು. ಬೆಂಗಳೂರಿನ ಜಯನಗರದಲ್ಲಿ ರಾತ್ರಿಯ ವರೆಗೂ ಮರಳಿ ಮರಳಿ ಎಣಿಸಿ, ಕೊನೆಗೆ ೧೬ ಓಟುಗಳಿಂದ ಒಬ್ಬರು ಗೆದ್ದರೆಂದು ಸಾರಿದರು. ಅದೇ ದಿನ ಕನಕಪುರದಲ್ಲಿ ಗೆದ್ದವರ ಅಂತರವು ೧,೨೨,೦೦೦ಕ್ಕೂ ಮೇಲಾಗಿತ್ತು. ಜಯನಗರದಲ್ಲಿ ಮನೆಯಲ್ಲಿ ಕೂತವನು ತಪ್ಪಿತಸ್ಥನು, ಕನಕಪುರದಲ್ಲಿ ಕೂತವನು ನಿರಪರಾಧಿ ಎನ್ನೋಣವೇ? ಇಬ್ಬರೂ ಬೆಳಿಗ್ಗೆ ಮಾಡಿದ್ದು ಒಂದೇ. ಎಣಿಕೆಯ ದಿನದ ವರೆಗೆ ಅಂತರವು ಇಬ್ಬರಿಗೂ ತಿಳಿಯದು. ಬೇರೆಯವರು ಎಷ್ಟು ಮಂದಿ ಹೋದರು ಎಂಬದರಿಂದ ನನ್ನ ತಪ್ಪು ದೊಡ್ಡದೋ ಸಣ್ಣದೋ ಆಗುವದಾದರೆ, ಅದು ತಪ್ಪೇ ಅಲ್ಲ, ಜೂಜು.

ಹಾಗಾದರೆ ನನ್ನ ಓಟು ಬೇಕಾಗಿಲ್ಲದಿದ್ದರೂ ನಾನು ಹಾಕಬೇಕಾದದ್ದು ಯಾಕೆ? ಇದಕ್ಕೆ ನಾನು ಕಂಡುಕೊಂಡ ಉತ್ತರವು ಒಂದು ತೊಲೆಯ ಹತ್ತಿರ ಸಿಕ್ಕಿತು. ನಮ್ಮ ಊರುಗಳಲ್ಲಿ ಮನೆಯ ಮಾಡಿಗೆ ತೊಲೆ ಏರಿಸುವದನ್ನು ನೀವೆಲ್ಲರೂ ನೋಡಿದ್ದೀರಿ. ಎಂಟು ಮಂದಿ ಹೊರಬಹುದಾದ ತೊಲೆಗೆ ಹನ್ನೆರಡು ಮಂದಿ ಹೆಗಲು ಕೊಡುತ್ತಾರೆ. ಅವರಲ್ಲಿ ಒಬ್ಬೊಬ್ಬನೂ "ನಾನಿಲ್ಲದಿದ್ದರೂ ತೊಲೆ ಏರುತ್ತಿತ್ತು" ಎಂದು ಹೇಳಿದರೆ ಅದು ನಿಜವೇ. ಆದರೆ ಹನ್ನೆರಡು ಮಂದಿಯೂ ಹಾಗೆ ಹೇಳಿದ ಮಾತ್ರಕ್ಕೆ ತೊಲೆಯನ್ನು ಯಾರೂ ಏರಿಸಲಿಲ್ಲವೆಂದು ಆಗುವದೋ? ತೊಲೆಯಂತೂ ಮೇಲಿದೆ. ಹನ್ನೆರಡು ಹೆಗಲುಗಳ ಮೇಲೆಯೂ ಕೆಂಪಾದ ಗುರುತಿದೆ. ಬೇಕಾಗಿಲ್ಲದವನು ಬೇರೆ, ಏನೂ ಮಾಡದವನು ಬೇರೆ. ನಾಲ್ವರು ಸರಿದುಕೊಂಡರೆ ತೊಲೆಯ ಭಾರವೇನೂ ಕಡಿಮೆಯಾಗದು. ಉಳಿದ ಎಂಟು ಮಂದಿಯ ಹೆಗಲಿಗೆ ಹೋಗುವದು. ಓಟು ಹಾಕದವನು ಆಳಲ್ಪಡದೆ ಇರುವದಿಲ್ಲ. ತಾನು ಹೇಗೆ ಆಳಲ್ಪಡಬೇಕೆಂಬದನ್ನು ಪಕ್ಕದ ಮನೆಯವನ ಹೆಗಲಿಗೆ ಬಿಟ್ಟು, ಆಮೇಲೆ ಅವನನ್ನೇ ಬಯ್ಯುತ್ತಾನೆ. ಈ ಹೋಲಿಕೆಗೆ ಒಂದು ಕುಂದುಂಟೆಂದು ಒಪ್ಪುತ್ತೇನೆ. ತೊಲೆಯನ್ನು ಕೆಳಕ್ಕೆ ಎಳೆಯುವವರು ಯಾರೂ ಇರುವದಿಲ್ಲ, ಚುನಾವಣೆಯಲ್ಲಿ ಎರಡು ಕಡೆಯವರು ಎಳೆಯುತ್ತಾರೆ. ಆದರೂ ಸೋತ ಕಡೆಯವರ ಹೆಗಲಿನ ಗುರುತು ಸುಳ್ಳಲ್ಲ. ಒಂದು ಓಟಿನಿಂದ ಸೋತ ಕೃಷ್ಣಮೂರ್ತಿಯವರು ಪಕ್ಷ ಬದಲಾಯಿಸಿ, ೨೦೧೮ರಲ್ಲಿ ಕೊಳ್ಳೇಗಾಲದಲ್ಲಿ ಸೋತು, ೨೦೨೩ರಲ್ಲಿ ಅಲ್ಲಿಯೇ ೫೯,೦೦೦ಕ್ಕೆ ಮೇಲ್ಪಟ್ಟ ಅಂತರದಿಂದ ಗೆದ್ದರು. ಒಂದು ಓಟಿನಿಂದ ಗೆದ್ದ ಧ್ರುವನಾರಾಯಣರು ಚಾಮರಾಜನಗರದಿಂದ ಎರಡು ಸಾರಿ ಲೋಕಸಭೆಗೆ ಹೋಗಿ, ೨೦೧೯ರಲ್ಲಿ ೧,೮೧೭ ಓಟುಗಳಿಂದ ಸೋತು, ೨೦೨೩ರ ಮಾರ್ಚಿಯಲ್ಲಿ ತೀರಿಕೊಂಡರು.

ಇಷ್ಟರ ವರೆಗೆ ನಾನು ತನ್ನಿಚ್ಛೆಯಿಂದ ಹೋಗದೆ ಉಳಿದವನ ವಿಷಯವಾಗಿ ಬರೆದೆನು. ಆದರೆ ಡ್ರೈವರನು ತನ್ನಿಚ್ಛೆಯಿಂದ ಉಳಿದವನಲ್ಲ, ಕಥೆಯೇ ಹಾಗೆ ಹೇಳುತ್ತದೆ. ಹೆಗಲು ಕೊಡದವನು ಬೇರೆ. ಹೆಗಲು ಕೊಡಲು ಬಂದವನನ್ನು ಬೇರೆ ಕೆಲಸಕ್ಕೆ ಕಳುಹಿಸಿದವನು ಬೇರೆ. ಮೊದಲನೆಯವನು ತನ್ನ ಒಂದನ್ನು ಕಳೆದನು, ಅದು ಅವನದಾಗಿತ್ತು. ಎರಡನೆಯವನು ಕಳೆದದ್ದು ತನ್ನದಲ್ಲ. ಇದು ಯಾಕೆ ಹೆಚ್ಚಿನ ತಪ್ಪೆಂದು ಜನರಿಗೆ ಹೊಳೆಯುವದಿಲ್ಲವೋ ನಾನರಿಯೆನು. ವರ್ಜೀನಿಯಾದ ಅದೇ ಚುನಾವಣೆಯಲ್ಲಿ ೨೮ನೆಯ ಕ್ಷೇತ್ರದಲ್ಲಿ ಗೆದ್ದವನ ಅಂತರವು ೭೩ ಓಟುಗಳು. ಆದರೆ ಅಲ್ಲಿ ೧೪೭ ಜನರನ್ನು ಅಧಿಕಾರಿಗಳು ತಪ್ಪು ಕ್ಷೇತ್ರದ ಪಟ್ಟಿಯಲ್ಲಿ ಸೇರಿಸಿ, ತಪ್ಪು ಮತಪತ್ರ ಕೊಟ್ಟಿದ್ದರೆಂದು ಆಮೇಲೆ ತಿಳಿದುಬಂದಿತು. ಆ ಜನರು ಮನೆಯಿಂದ ಹೊರಟು, ಸಾಲಿನಲ್ಲಿ ನಿಂತು, ತಮ್ಮ ಪಾಲಿನದೆಲ್ಲವನ್ನೂ ಮಾಡಿದ್ದರು. ಬೋಗುಣಿಯ ಚಿತ್ರವು ಲೋಕದ ಪತ್ರಿಕೆಗಳಲ್ಲೆಲ್ಲಾ ಬಂದಿತು. ೧೪೭ ಜನರ ಸುದ್ದಿಯು ಅದರ ಕೆಳಗೆ ಮುಚ್ಚಿಹೋಯಿತು. ನನಗಂತೂ ಅದು ಬೋಗುಣಿಗಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ನಮ್ಮ ಹಳ್ಳಿಗಳಲ್ಲಿ ಈ ತಪ್ಪು ಪಟ್ಟಿಯಲ್ಲಿ ಕಾಣಿಸಿಕೊಳ್ಳುವದಿಲ್ಲ. ತೋಟದ ಯಜಮಾನನು ಓಟಿನ ದಿನ ಅಡಿಕೆ ಒಣಗಿಸುವ ಕೆಲಸ ಇಟ್ಟುಕೊಳ್ಳುತ್ತಾನೆ. ಇಟ್ಟಿಗೆಯ ಗೂಡಿನವನು "ಹೋಗುವದಾದರೆ ಹೋಗು, ಇಂದಿನ ಕೂಲಿ ಇಲ್ಲ" ಎನ್ನುತ್ತಾನೆ. ಬಾಯಿಬಿಟ್ಟು ಬೇಡವೆಂದವನು ಯಾರೂ ಇಲ್ಲ. ಆದರೂ ಐದು ಮಂದಿ ಹೆಂಗಸರ ಓಟು ಆ ಸಾಯಂಕಾಲದೊಳಗೆ ಮಾಯವಾಗಿರುತ್ತದೆ. ೧೯೫೧ರ ಅದೇ ಕಾಯಿದೆಗೆ ೧೯೯೬ರಲ್ಲಿ ಒಂದು ಕಲಮನ್ನು ಸೇರಿಸಿ, ವ್ಯಾಪಾರ, ಕಾರಖಾನೆ ಮೊದಲಾದ ಯಾವ ಉದ್ಯೋಗದಲ್ಲಿರುವವನಿಗೂ ಓಟಿನ ದಿನ ಸಂಬಳ ಸಹಿತವಾದ ರಜೆ ಕೊಡಬೇಕೆಂದೂ, ದಿನಗೂಲಿಯವನಿಗೂ ಕೂಲಿ ಕಳೆಯಬಾರದೆಂದೂ ಗೊತ್ತುಮಾಡಲ್ಪಟ್ಟಿತು. ಕೊಡದವನಿಗೆ ದಂಡವು ಹೆಚ್ಚೆಂದರೆ ಐದುನೂರು ರೂಪಾಯಿ. ಒಂದು ದಿನದ ಎರಡಾಳಿನ ಕೂಲಿಗೂ ಸಾಲದ ದಂಡವು. ಆದರೂ ಕಾಯಿದೆಯು ಇದೆ, ಮತ್ತು ಕೂಲಿಯವರಲ್ಲಿ ಅದನ್ನು ಬಲ್ಲವರು ಕಡಿಮೆ. ಅದಕ್ಕಾಗಿಯೇ ಇಲ್ಲಿ ಬರೆದೆನು. ಯಜಮಾನರು ಬಲ್ಲರು.

ಯಜಮಾನರೆಂದು ನಾನು ಬೆರಳು ತೋರಿಸುವಾಗ ನನ್ನ ಬೆರಳಿನ ಸಂಗತಿಯನ್ನೂ ಹೇಳದೆ ಇರಲಾರೆನು. ೨೦೧೩ರ ವಿಧಾನಸಭೆಯ ಚುನಾವಣೆಯು ಮೇ ೫ರಂದು ನಡೆಯಿತು, ಅದು ಆದಿತ್ಯವಾರವಾಗಿತ್ತು. ಆ ದಿನ ನನಗೆ ಎರಡು ಊರುಗಳಲ್ಲಿ ಆರಾಧನೆ ನಡಿಸುವದಿತ್ತು. ಎರಡನೆಯ ಊರಿಗೆ ಹೋಗುವ ಬಸ್ಸು ಮಧ್ಯಾಹ್ನದ ಮೇಲೆ ಇಲ್ಲದ್ದರಿಂದ, ಸಭೆಯ ಒಬ್ಬ ಯೌವನಸ್ಥನನ್ನು ತನ್ನ ಮೋಟರ್ ಸೈಕಲ್ಲಿನ ಮೇಲೆ ನನ್ನನ್ನು ಕರಕೊಂಡು ಹೋಗಬೇಕೆಂದು ಕೇಳಿಕೊಂಡೆನು. ಅವನಿಗೆ ಆಗ ಹತ್ತೊಂಬತ್ತು ವರುಷ. ಪಟ್ಟಿಯಲ್ಲಿ ಹೆಸರು ಬಂದದ್ದು ಅದೇ ಮೊದಲು. ಹೊರಡುವಾಗ ಅವನು, "ಅಯ್ಯನವರೇ, ಮೊದಲು ಶಾಲೆಗೆ ಹೋಗಿ ಓಟು ಹಾಕಿ ಹೋಗುವನಾ?" ಎಂದು ಕೇಳಿದನು. "ಬರುವಾಗ ಹಾಕುವಾ ಮಗಾ, ಜನರು ಕಾಯುತ್ತಿದ್ದಾರೆ" ಎಂದೆನು. ಆರಾಧನೆಯಾದ ಮೇಲೆ ಒಂದು ಮನೆಯಲ್ಲಿ ಊಟಕ್ಕೆ ಕರೆದರು. ಇನ್ನೊಂದು ಮನೆಯಲ್ಲಿ ರೋಗಿಯೊಬ್ಬರಿದ್ದರು, ಅಲ್ಲಿಗೂ ಹೋದೆವು. ಊಟವನ್ನು ಬಿಡಬಹುದಾಗಿತ್ತು. ನಾವು ಊರಿಗೆ ಮುಟ್ಟಿದಾಗ ಶಾಲೆಯ ಬಾಗಿಲು ಮುಚ್ಚಿ, ಒಳಗೆ ಯಂತ್ರಗಳಿಗೆ ಮುದ್ರೆ ಹಾಕುತ್ತಿದ್ದರು.

ಮುಂದಿನ ವಾರ ಪ್ರಾರ್ಥನಾಕೂಟಕ್ಕೆ ಬಂದ ಒಬ್ಬ ವೃದ್ಧೆಯು, ಕಣ್ಣು ಮಂಜಾಗಿದ್ದರೂ, ನಾನು ಪುಸ್ತಕ ಹಿಡಿದಿದ್ದ ಎಡಗೈಯನ್ನು ಬಹಳ ಹೊತ್ತು ನೋಡಿದಳು. ಅವಳ ತೋರುಬೆರಳಿನ ಉಗುರಿನ ಮೇಲೆ ಶಾಯಿಯ ಗೆರೆ ಇನ್ನೂ ಕಪ್ಪಾಗಿತ್ತು. ಎರಡು ಮೈಲು ನಡೆದು ಹೋಗಿ ಹಾಕಿಸಿಕೊಂಡು ಬಂದದ್ದು ಅದು. "ಅಯ್ಯನವರೇ, ನಿಮ್ಮ ಬೆರಳಿನ ಶಾಯಿ ಆಗಲೇ ಹೋಯಿತೋ?" ಎಂದು ಕೇಳಿದಳು. ಅವಳಲ್ಲಿ ಕುಹಕವಿರಲಿಲ್ಲ; ಉಪದೇಶಿಯು ಹೋಗದೆ ಇರುವನೆಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ. "ಇಲ್ಲ ಅಜ್ಜೀ, ನಾನು ಹೋಗಲಿಲ್ಲ" ಎಂದೆನು. ಅವಳು ಸುಮ್ಮನಾದಳು. ಆ ಹುಡುಗನು ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದನು, ತನ್ನ ಕೈಯನ್ನು ಮಡಚಿಕೊಂಡನು.

ನಮ್ಮ ಕ್ಷೇತ್ರದಲ್ಲಿ ಆ ಸಾರಿ ಗೆದ್ದವರು ಸಾವಿರಗಟ್ಟಲೆ ಓಟುಗಳಿಂದ ಗೆದ್ದರು. ನನ್ನದೂ ಅವನದೂ ಸೇರಿದರೂ ಏನೂ ಆಗುತ್ತಿರಲಿಲ್ಲವೆಂ‌ದು ಕೆಲವು ದಿನ ಸಮಾಧಾನ ಮಾಡಿಕೊಂಡೆನು. ನನ್ನ ಓಟಿನ ವಿಷಯದಲ್ಲಿ ಆ ಸಮಾಧಾನವು ಹೇಗೋ ನಿಂತಿತು. ಅವನದರ ವಿಷಯದಲ್ಲಿ ನಿಲ್ಲಲಿಲ್ಲ. ಸಂತೇಮರಹಳ್ಳಿಯ ಕಥೆಯನ್ನು ಅಷ್ಟು ಸಾರಿ ಹೇಳಿದವನಾದ ನಾನು, ಆ ಕಥೆಯಲ್ಲಿ ಯಾರ ಸ್ಥಾನದಲ್ಲಿ ಕೂತಿದ್ದೆನೆಂಬದು ಮೋಟರ್ ಸೈಕಲ್ಲಿನ ಹಿಂದಿನ ಆಸನದಲ್ಲಿದ್ದಾಗ ನನಗೆ ತಿಳಿಯಲಿಲ್ಲ. ನಾನು ಒಳ್ಳೇ ಕೆಲಸಕ್ಕೆ ಹೊರಟಿದ್ದೆನು ಎಂಬದು ನಿಜ. ಆ ಕೆಲಸಕ್ಕೆ ತನ್ನ ಮೊದಲನೆಯ ಓಟನ್ನು ತೆತ್ತವನು ಅವನು.

೨೦೧೮ರಲ್ಲಿ ಓಟಿನ ದಿನ ಬೆಳಿಗ್ಗೆ ಅವನ ಮನೆಗೆ ಹೋದೆನು. ಅವನು ಅಷ್ಟರೊಳಗೆ ಬೆಂಗಳೂರಿಗೆ ಹೋಗಿ ಕಟ್ಟಡದ ಕೆಲಸದಲ್ಲಿದ್ದನು. ಹೆಸರು ಮಾತ್ರ ಊರಿನ ಪಟ್ಟಿಯಲ್ಲಿಯೇ ಇತ್ತು. ೨೦೨೩ರ ಮೇ ೧೦ ಬುಧವಾರವಾಗಿತ್ತು. ಅದಕ್ಕೆ ಒಂದು ವಾರ ಮುಂಚಿತವಾಗಿ ಅವನಿಗೆ ಫೋನು ಮಾಡಿ, ಸಂಬಳ ಸಹಿತ ರಜೆಯ ಕಾಯಿದೆ ಇದೆಯೆಂದೂ ಮೇಸ್ತ್ರಿಯನ್ನು ಕೇಳಬೇಕೆಂದೂ ಹೇಳಿದೆನು. "ಕೇಳಿದೆ ಅಯ್ಯನವರೇ, ರಜೆ ಕೊಡುತ್ತಾನೆ. ಒಂದೇ ದಿನ. ರಾತ್ರಿ ಬಸ್ಸಿಗೆ ಬಂದು ರಾತ್ರಿ ಬಸ್ಸಿಗೆ ಹೋಗಬೇಕು, ಹೋಗಿಬರುವದಕ್ಕೆ ಎರಡು ದಿನದ ಕೂಲಿ ಬೇಕು" ಎಂದನು. ಹಣವನ್ನು ನಾನು ಕಳುಹಿಸುತ್ತೇನೆ ಎಂಬ ಮಾತು ನನ್ನ ನಾಲಿಗೆಯ ವರೆಗೆ ಬಂದು ನಿಂತಿತು. ಓಟಿನ ಮುಂಚಿನ ವಾರದಲ್ಲಿ ಓಟುದಾರನಿಗೆ ಹಣ ಕಳುಹಿಸುವವನು ಉಪದೇಶಿಯಾದರೂ ನೋಡುವವರು ಏನೆನ್ನುವರು, ಕಾಯಿದೆ ಏನೆನ್ನುವದು ಎಂದು ಯೋಚಿಸಿದೆನು. ನಾನು ಯೋಚಿಸುತ್ತಿರುವಾಗ ಅವನೇ, "ಇರಲಿ ಬಿಡಿ ಅಯ್ಯನವರೇ, ಮುಂದಿನ ಸಾರಿ ನೋಡುವಾ" ಅಂದನು.